ಬೋರ್ಡಿನ ಮೇಲೆ ‘ರೊಟ್ಟಿ’ ಮುರಿಯದಂತೆ ಬರೆಯುವುದು ಹೇಗೆ?

ಮೊದಲೆಲ್ಲ ಪೇಂಟರ್ ಬಂದು ಏಣಿ ಹಾಕಿ, ಚಪ್ಪಟೆ ಬ್ರಷ್‌ನಲ್ಲಿ ಅಂಗಡಿ ಹೆಸರು ಬರೆದು ಹೋಗುತ್ತಿದ್ದರು. ಈಗ ಆ ಕೈಬರಹದ ಗತ್ತು ಬೇಕೆಂದರೆ ಬ್ರಷ್ ಶೈಲಿಯ ದಪ್ಪ ಫಾಂಟ್ ಹುಡುಕುತ್ತೇವೆ. ಹೋದ ವರ್ಷ ಗದಗಿನಲ್ಲಿ ನಮ್ಮ ಸೋದರಮಾವ ಖಾನಾವಳಿ ತೆರೆದಾಗ ಬೋರ್ಡಿನ ಕೆಲಸ ನನ್ನ ತಲೆಗೆ ಬಿತ್ತು. ಒಮ್ಮೆ ಕೆಡಿಸಿ, ಆಮೇಲೆ ಕಲಿತದ್ದು ಇದು.

ಮೊದಲು ಪದ ಕಡಿಮೆ ಮಾಡಿ. ‘ಖಡಕ್ ರೊಟ್ಟಿ ಖಾನಾವಳಿ’, ಇಷ್ಟು ಬ್ರಷ್‌ನಲ್ಲಿ ಸಾಕು. ವಿಳಾಸ, ಫೋನ್ ನಂಬರ್ ಸಾದಾ ಅಕ್ಷರದಲ್ಲಿರಲಿ. ಮಾವನಿಗೆ ಎಣ್ಣೆಗಾಯಿಯಿಂದ ಹಿಡಿದು ಶೇಂಗಾ ಚಟ್ನಿವರೆಗೆ ಎಲ್ಲ ಬ್ರಷ್‌ನಲ್ಲೇ ಬೇಕಿತ್ತು. ಎಲ್ಲರೂ ಕೂಗಿದರೆ ಯಾರ ಮಾತೂ ಕೇಳಿಸಲ್ಲ, ಅಲ್ವಾ?

ಇನ್ನು ಫಾಂಟ್. ಗೂಗಲ್ ಫಾಂಟ್ಸ್‌ನಲ್ಲಿ ‘ಹುಬ್ಬಳ್ಳಿ’ ಅಂತಲೇ ಒಂದಿದೆ. ಹೆಸರು ನೋಡಿ ಖುಷಿಯಾಗುತ್ತದೆ, ಆದರೆ ಗೆರೆ ತೆಳು. ‘ಬಲೂ ತಮ್ಮ’ ದಪ್ಪಗಿದೆ, ಆದರೆ ಅದು ಉಬ್ಬಿದ ಪೂರಿ, ಬ್ರಷ್ ಅಲ್ಲ. ‘ಅಕಾಯ ಕನಡಕ’ (Akaya Kanadaka) ಬೋರ್ಡಿಗೆ ಒಪ್ಪುತ್ತದೆ. ಮೂರೂ ಉಚಿತ, ವ್ಯಾಪಾರಕ್ಕೂ ಬಳಸಬಹುದು.

ಆಯ್ಕೆಗೆ ಮುಂಚೆ ಒತ್ತಕ್ಷರ ಪರೀಕ್ಷೆ ಮಾಡಿ. ಕನ್ನಡದ ಬ್ರಷ್ ಫಾಂಟ್ ಸೋಲುವುದು ಇಲ್ಲೇ. ‘ಸ್ತ್ರೀ’, ‘ಲಕ್ಷ್ಮೀ’, ‘ಅರ್ಕ’, ‘ಹುಬ್ಬಳ್ಳಿ’ ಟೈಪ್ ಮಾಡಿ ನೋಡಿ. ಗೆರೆ ದಪ್ಪವಾದಷ್ಟೂ ಅಕ್ಷರದ ಒಳಗಿನ ಖಾಲಿ ಜಾಗ ಮುಚ್ಚುತ್ತದೆ. ‘ಥ’ ಮತ್ತು ‘ಧ’ ಬೇರೆ ಆಗುವುದು ಒಳಗಿನ ಒಂದು ಚುಕ್ಕಿಯಿಂದ. ಆ ಒಳಜಾಗ ಮುಚ್ಚಿಹೋದರೆ ಧಾರವಾಡ ಥಾರವಾಡ ಆಗಬಹುದು! ಎರಡು ಸಾಲಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಜಾಗ ಬಿಡಿ.

ಅಳತೆಗೆ ಒಂದು ಅಂದಾಜು: 10 ಅಡಿ ದೂರಕ್ಕೆ 1 ಇಂಚು ಎತ್ತರ. 40 ಅಡಿ ಆಚೆಯಿಂದ ಓದಬೇಕೆಂದರೆ 4 ಇಂಚು, ಅದೂ ಒತ್ತು ಬಿಟ್ಟು. ದಪ್ಪ ಅಕ್ಷರಕ್ಕೆ ನಾನು ಇನ್ನೂ ಸ್ವಲ್ಪ ಜಾಸ್ತಿಯೇ ಇಡುತ್ತೇನೆ. ಒಂದು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ರಸ್ತೆ ದಾಟಿ ನಿಂತು ನೋಡಿ.

ಒಣ ಬ್ರಷ್ ಎಳೆದ ಹಾಗೆ ಅಂಚು ಚಿಂದಿಯಾಗಿರುವ ಫಾಂಟ್ ಫ್ಲೆಕ್ಸ್‌ಗೆ ಸರಿ. ಗಾಜಿನ ಮೇಲೆ ರೇಡಿಯಂ ಸ್ಟಿಕ್ಕರ್ ಕತ್ತರಿಸಿ ಅಂಟಿಸುವುದಾದರೆ ಬೇಡ. ಆ ಸಣ್ಣ ಚೂರುಗಳನ್ನು ಬಿಡಿಸುತ್ತಾ ಕೂರುವವರ ಶಾಪ ನಿಮಗೇ.

ಪ್ರಿಂಟಿಂಗ್ ಅಂಗಡಿಗೆ ಫೈಲ್ ಕೊಡುವ ಮುಂಚೆ ಅಕ್ಷರಗಳನ್ನು ಕರ್ವ್ಸ್ ಮಾಡಿ, ಅಂದರೆ ಬರೀ ಗೆರೆಯ ಆಕಾರವಾಗಿ ಬದಲಿಸಿ. ಕೋರೆಲ್‌ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಅಕ್ಷರ ಸೆಲೆಕ್ಟ್ ಮಾಡಿ ಕಂಟ್ರೋಲ್ ಕ್ಯೂ ಒತ್ತಿದರೆ ಆಯಿತು. ಆಮೇಲೆ ಅಲ್ಲಿನ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಆಕಾರ ಬದಲಾಗಲ್ಲ. ಆದರೆ ಕಾಗುಣಿತ ತಿದ್ದಲೂ ಆಗಲ್ಲ, ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ.

ನಾನು ಮೊದಲ ಸಲ ಇದನ್ನು ಮಾಡದೆ ಸುಮ್ನೆ ಫೈಲ್ ಕಳಿಸಿದ್ದೆ. 8 ಅಡಿ ಅಗಲದ ಫ್ಲೆಕ್ಸ್ ಮೇಲೆ ‘ರೊಟ್‌ಟಿ’ ಅಂತ ಬಂತು. ಮಾವ ಸೊಂಟದ ಮೇಲೆ ಕೈಯಿಟ್ಟು ನೋಡಿದರು. ‘ಏನಪಾ ಇದು, ರೊಟ್ಟಿ ಮುರದ ಇಟ್ಟೀಯಲ್ಲ!’

ಆ ಫ್ಲೆಕ್ಸ್ ಈಗ ಹಿತ್ತಲಲ್ಲಿ ಒಲೆ ಕಟ್ಟಿಗೆಯ ಮೇಲೆ ಹೊದ್ದು ಮಲಗಿದೆ.