ಉಂಗುರ ಕಟ್ಟದ ಹನಿ ಕೊನೆಗೂ ಕೈಗೆ ಸಿಕ್ಕಿತು

ನನಗೆ ಬೇಕಿದ್ದದ್ದು ಸಮನಾದ ಚುಕ್ಕೆ, ಅಷ್ಟೇ. ಗಾಜಿನ ಸ್ಲೈಡ್, 1 ಮೈಕ್ರೋಲೀಟರ್ ಹನಿ, 1 ಮೈಕ್ರಾನಿನ ಪಾಲಿಸ್ಟೈರೀನ್ (ಒಂದು ಬಗೆಯ ಪ್ಲಾಸ್ಟಿಕ್) ಮಣಿ. ಒಣಗಿದಾಗೆಲ್ಲ ಮಣಿಗಳು ಅಂಚಿಗೆ ಓಡಿ ಉಂಗುರ ಕಟ್ಟುತ್ತಿದ್ದವು, ನಡುವೆ ಖಾಲಿ. ಎಸ್‌ಡಿಎಸ್ (ನೀರಿನ ಮೇಲ್ಮೈ ಎಳೆತ ತಗ್ಗಿಸುವ, ಸೋಪಿನಂಥ ರಾಸಾಯನಿಕ) ಹಾಕಿ ನೋಡ್ತೀನಿ ಅಂದಾಗ "ಹನಿ ಹರಡಿ ಇನ್ನೂ ಹಾಳಾಗುತ್ತೆ, ಸುಮ್ನೆ ಬಿಡಿ" ಅಂದವರೇ ಜಾಸ್ತಿ.

ಮೊದಲ ಸಲ ಅವರ ಮಾತೇ ನಿಜವಾಯಿತು. 10 ಮಿಲಿಮೋಲಾರ್ ಹಾಕಿದ್ದೆ, ಅದರ ಅಣುಗಳು ಗುಂಪುಗೂಡಿ ಮಿಸೆಲ್ ಕಟ್ಟುವ 8ರ ಗಡಿ ದಾಟಿಬಿಟ್ಟಿತ್ತು. ಹನಿ ಚಪ್ಪಟೆಯಾಗಿ ಹರಡಿತು, ಹರಡಿದ್ದಕ್ಕೇ ಬೇಗ ಒಣಗಿತು, ಎಂಟು ನಿಮಿಷದ್ದು ಐದಕ್ಕೇ ಮುಗಿದು ಮೇಲೆಲ್ಲ ಬಿಳಿ ಹರಳು.

2ಕ್ಕೆ ಇಳಿಸಿದೆ. ಆಗ ಅಂಚಿನ ಹತ್ತಿರ ಮಣಿಗಳು ಸುಳಿ ಸುತ್ತುವುದು ಮೈಕ್ರೋಸ್ಕೋಪಿನಲ್ಲಿ ಕಾಣಿಸಿತು. ಎಸ್‌ಡಿಎಸ್ ಅಂಚಿನಲ್ಲಿ ಕೂಡಿಕೊಂಡು ಅಲ್ಲಿನ ಮೇಲ್ಮೈ ಎಳೆತ ಕಡಿಮೆಯಾಗುತ್ತದೆ, ನಡುಭಾಗ ಮಣಿಗಳನ್ನು ವಾಪಸ್ ಎಳೆದುಕೊಳ್ಳುತ್ತದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ!

ವಾರ ಕಳೆಯುವಷ್ಟರಲ್ಲಿ ಉಂಗುರ ಮತ್ತೆ ಹಾಜರ್. ಎರಡು ತಿಂಗಳು ಹುಡುಕಿದೆ. ತಪ್ಪು ಇದ್ದದ್ದು ಸ್ಟಾಕ್ ಬಾಟಲಿಯಲ್ಲಿ, ಅಂದರೆ ಮೊದಲೇ ಕಲಸಿಟ್ಟಿದ್ದ ಗಟ್ಟಿ ಎಸ್‌ಡಿಎಸ್ ನೀರಿನಲ್ಲಿ. ಫ್ರಿಜ್‌ನಲ್ಲಿಟ್ಟಿದ್ದೆ, ಸುಮಾರು 16 ಡಿಗ್ರಿಗಿಂತ ಕೆಳಗೆ ಎಸ್‌ಡಿಎಸ್ ಹರಳಾಗಿ ತಳಕ್ಕೆ ಕೂತುಬಿಡುತ್ತದೆ, ನಾನು ಪಿಪೆಟ್‌ನಲ್ಲಿ ಎಳೆಯುತ್ತಿದ್ದದ್ದು ಮೇಲಿನ ತೆಳು ನೀರು. ಹೊರಗಿಟ್ಟರೂ ಹಳೆಯದಾದಂತೆ ಒಡೆದು ಡೋಡೆಕನಾಲ್ ಅನ್ನುವ ಆಲ್ಕೊಹಾಲ್ ಆಗುತ್ತದೆ, ಅದು ಚೂರೇ ಇದ್ದರೂ ಮೇಲ್ಮೈಯನ್ನು ಹಿಡಿದುಬಿಡುತ್ತದೆ. ಅಷ್ಟರಲ್ಲಿ ಮಣಿಗೆ ಇಟ್ಟಿದ್ದ ದುಡ್ಡಿನಲ್ಲಿ ಮುಕ್ಕಾಲು ಪಾಲು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಈಗ ಪ್ರತಿ ಸಲ ಹೊಸದಾಗಿ ಕಲಸುತ್ತೇನೆ. ಮಣಿಗಳನ್ನೂ ಮೂರು ಸಲ ತೊಳೆಯುತ್ತೇನೆ, ಅವುಗಳ ಬಾಟಲಿಯಲ್ಲೇ ಇಂಥದ್ದೇ ಸೋಪಿನಂಥ ವಸ್ತು (ಸರ್ಫ್ಯಾಕ್ಟೆಂಟ್) ಇರುತ್ತದಲ್ವಾ.

ನಡುವೆ ಸಿಟಿಎಬಿ ಅನ್ನುವ ಇನ್ನೊಂದು ಸರ್ಫ್ಯಾಕ್ಟೆಂಟ್‌ನ ಹುಚ್ಚೂ ಹತ್ತಿತ್ತು. ನನ್ನ ಮಣಿ ಋಣ ಚಾರ್ಜಿನವು, ಸಿಟಿಎಬಿ ಧನ, ಹಾಕಿದ ಕೂಡಲೇ ಗಂಟುಗಂಟು. ಒಂದೇ ಒಂದು ಅಳತೆಯಲ್ಲಿ ಚೆನ್ನಾಗಿ ಬಂತು, ಮಾರನೇ ದಿನ ಅದೇ ಅಳತೆ ಕೈಕೊಟ್ಟಿತು. ಬಿಟ್ಟೆ.

ನಿಜವಾಗಿ ಕೈಹಿಡಿದದ್ದು ಮುಚ್ಚಿದ ಡಬ್ಬಿ. ಒಳಗೆ ಇನ್ನು ಕರಗದಷ್ಟು ಅಡುಗೆ ಉಪ್ಪು ಹಾಕಿದ ನೀರು ಇಟ್ಟರೆ ತೇವ ಶೇ. 75ಕ್ಕೆ ನಿಲ್ಲುತ್ತದೆ. ಒಣಗುವ ಹೊತ್ತು ದುಪ್ಪಟ್ಟಾಯಿತು, ಚುಕ್ಕೆ ದಿನದಿಂದ ದಿನಕ್ಕೆ ಬದಲಾಗುವುದು ನಿಂತಿತು. ಜೊತೆಗೆ ಒಂದು ಪಾಲಿಮರ್ ಚಿಟಿಕೆಯಷ್ಟು ಹಾಕುತ್ತೇನೆ. ಯಾವುದು, ಎಷ್ಟು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕಳೆದ ಸಲ 50 ಹನಿ ಇಟ್ಟೆ, ನಲವತ್ತೈದರ ಹತ್ತಿರ ಉಂಗುರವೇ ಇಲ್ಲ. ಬೇಡ ಅಂದವರೇ ಬಂದು ಸ್ಲೈಡ್ ಕೇಳಿ ತೆಗೆದುಕೊಂಡು ಹೋದರು. ಅವರದು ಉಪ್ಪಿನ ಬಫರ್ (ಆಮ್ಲೀಯತೆ ಬದಲಾಗದಂತೆ ಹಿಡಿದಿಡುವ ದ್ರಾವಣ). ಅದರಲ್ಲಿ ಮಿಸೆಲ್ ಗಡಿ 8ರಿಂದ 1.5ಕ್ಕೂ ಇಳಿಯಬಹುದು, ನನ್ನ 2 ಅಲ್ಲಿ ನಡೆಯುವುದಿಲ್ಲ ಅಂತ ಹೇಳಿಯೇ ಕೊಟ್ಟಿದ್ದೇನೆ.