ಸೊಂಟದ ಪಿಸ್ತೂಲು ಸೊಂಟದಲ್ಲೇ ಇರಲಿ

ಲೈಸೆನ್ಸ್ ಪಡೆದು ಪಿಸ್ತೂಲು ಇಟ್ಟುಕೊಂಡು ಓಡಾಡುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಹೊಸಬರು ತಪ್ಪದೇ ಕೇಳುವ ಪ್ರಶ್ನೆ ಒಂದಿದೆ: "ಯಾರಾದ್ರೂ ಮೈಮೇಲೆ ಬಂದ್ರೆ ಅಂಗಿ ಎತ್ತಿ ತೋರಿಸಿದ್ರೆ ಸಾಕಲ್ವಾ?" ಬೇಡ, ದಯವಿಟ್ಟು ತೋರಿಸಬೇಡಿ. ಜೀವಕ್ಕೆ ಅಪಾಯ ಇಲ್ಲದಾಗ ಹಾಗೆ ಹೆದರಿಸುವುದೇ ಎಷ್ಟೋ ಕಡೆ ಅಪರಾಧ. ಇನ್ನೊಂದು, ಅದು ಎಲ್ಲಿದೆ ಅಂತ ಗೊತ್ತಾದರೆ ಅವನು ಮೊದಲು ಕೈ ಹಾಕುವುದು ಅಲ್ಲಿಗೇ. ನಿಮ್ಮ ಹತ್ತಿರ ಪಿಸ್ತೂಲು ಇದ್ದದ್ದು ಗೊತ್ತೇ ಆಗದೆ ಅವನು ವಾಪಸ್ ಹೋಗಬೇಕು.

1981ರಲ್ಲಿ ಬೆಟ್ಟಿ ಗ್ರೇಸನ್, ಮಾರಿಸ್ ಸ್ಟೈನ್ ಎಂಬ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ನ್ಯೂಯಾರ್ಕ್‌ನ ರಸ್ತೆಯಲ್ಲಿ ನಡೆದು ಹೋಗುವವರ ವಿಡಿಯೊವನ್ನು, ಹಲ್ಲೆ ಮಾಡಿ ಜೈಲು ಸೇರಿದವರಿಗೆ ತೋರಿಸಿದ್ದರು. ಯಾರ ಮೇಲೆ ಬೀಳುವುದು ಸುಲಭ ಅಂತ ಆ ಕೈದಿಗಳು ಕೆಲವೇ ಸೆಕೆಂಡು ನೋಡಿ ಹೇಳಿದರು. ಅವರು ಹಿಡಿದದ್ದು ನಡಿಗೆಯ ರೀತಿಯನ್ನು. ಹಾಗಾಗಿ ಫೋನ್ ಜೇಬಿಗೆ ಹಾಕಿ, ತಲೆ ಎತ್ತಿ ನಡೆಯಿರಿ. ಹತ್ತಿರ ಬರುವವನನ್ನು ಒಮ್ಮೆ ನೇರವಾಗಿ ನೋಡಿ, ಸಾಕು. ದಿಟ್ಟಿಸುತ್ತಾ ನಿಂತರೆ ಅದೇ ಜಗಳಕ್ಕೆ ಕಾರಣ ಆಗಬಹುದು.

ಕಾರಿಂದ ಇಳಿದ ಕೂಡಲೇ ಸೊಂಟ ಮುಟ್ಟಿ ನೋಡಿಕೊಳ್ಳುವುದು ತುಂಬಾ ಜನರ ಅಭ್ಯಾಸ. ಪಿಸ್ತೂಲು ಎಲ್ಲಿದೆ ಅಂತ ಅದೇ ತೋರಿಸಿಕೊಡುತ್ತದೆ. ದಪ್ಪ ಬೆಲ್ಟು, ಸರಿಯಾಗಿ ಕೂರುವ ಹೋಲ್‌ಸ್ಟರ್ (ಪಿಸ್ತೂಲು ಇಡುವ ಚೀಲ) ಇದ್ದರೆ ಮುಟ್ಟುವ ಅಗತ್ಯವೇ ಬರುವುದಿಲ್ಲ. ಮನೆಯಿಂದ ಹೊರಡುವ ಮುಂಚೆ ಕನ್ನಡಿ ಮುಂದೆ ಬಗ್ಗಿ, ಕೈ ಮೇಲೆತ್ತಿ, ಪಿಸ್ತೂಲು ಹೊರಗೆ ಕಾಣುತ್ತದಾ ಅಂತ ನೋಡಿಕೊಳ್ಳಿ.

ಇನ್ನು ದೂರದ ವಿಷಯ. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ ಅಂತ 1983ರಲ್ಲಿ ಡೆನ್ನಿಸ್ ಟ್ಯೂಲರ್ ಎಂಬ ಅಮೆರಿಕದ ಪೊಲೀಸ್ ಅಧಿಕಾರಿ ಬರೆದರು. ಚೆನ್ನಾಗಿ ಪಳಗಿದವರಿಗೂ ಅಂಗಿ ಸರಿಸಿ ಪಿಸ್ತೂಲು ತೆಗೆಯಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಆದ್ದರಿಂದ ಅವನು ದೂರ ಇರುವಾಗಲೇ ಬಾಯಿ, ಕಾಲು ಎರಡೂ ಕೆಲಸ ಮಾಡಬೇಕು.

ಅಪರಿಚಿತನೊಬ್ಬ "ಟೈಮ್ ಎಷ್ಟಾಯ್ತು?" ಅನ್ನುತ್ತಾ ಹತ್ತಿರ ಬರುತ್ತಾನೆ ಅಂದುಕೊಳ್ಳಿ. ವಾಚ್ ನೋಡಲು ತಲೆ ಬಗ್ಗಿಸಬೇಡಿ. ಎರಡೂ ಅಂಗೈ ಎದೆ ಮಟ್ಟಕ್ಕೆ ತಂದು, "ಗೊತ್ತಿಲ್ಲ ಸರ್, ಅಲ್ಲೇ ನಿಲ್ಲಿ" ಅನ್ನಿ. ನೇರ ಹಿಂದಕ್ಕೆ ಹೋದರೆ ಎಡವುತ್ತೀರಿ, ಅವನ ಪಕ್ಕಕ್ಕೆ ಸುತ್ತಿಕೊಂಡು ಸರಿಯಿರಿ. ಆಗ ನಿಮ್ಮ ಹಿಂದೆ ಅವನ ಜೊತೆಗಾರ ಇದ್ದರೆ ಅವನೂ ಕಣ್ಣಿಗೆ ಬೀಳುತ್ತಾನೆ. ಸುಮ್ನೆ ಟೈಮ್ ಕೇಳಲು ಬಂದವನು ಬೇಜಾರು ಮಾಡಿಕೊಂಡಾದರೂ ನಿಲ್ಲುತ್ತಾನೆ. ನಿಲ್ಲದೆ ಅತ್ತಿತ್ತ ಕಣ್ಣಾಡಿಸುತ್ತಾ, ಒಂದು ಕೈ ತೊಡೆ ಹಿಂದೆ ಇಟ್ಟುಕೊಂಡು ಬಂದರೆ ಮಾತ್ರ ಹುಷಾರು. "ಹತ್ತಿರ ಬರಬೇಡ!" ಅಂತ ಸುತ್ತಲಿನವರಿಗೆಲ್ಲ ಕೇಳುವಂತೆ ಕೂಗಿ. ಕಳ್ಳನಿಗೆ ಸಾಕ್ಷಿಗಳು ಬೇಡ.

ಕೂಗಿಗೂ ಗುಂಡಿಗೂ ನಡುವೆ ಪೆಪ್ಪರ್ ಸ್ಪ್ರೇ ಇರಲಿ, ಎಡಗೈಗೆ ಸಿಗುವ ಹಾಗೆ. ಪರ್ಸ್ ಕೇಳಿದರೆ ಎಸೆದು ಹೊರಡಿ. ಓಡಲು ದಾರಿಯಿಲ್ಲ, ಪ್ರಾಣವೇ ಹೋಗುತ್ತದೆ ಅನ್ನುವಾಗ ಮಾತ್ರ ಪಿಸ್ತೂಲಿಗೆ ಕೈ ಹಾಕಿ. ತೆಗೆದ ಮೇಲೆ ಅವನು ತಿರುಗಿ ಓಡಿದರೆ ಗುಂಡು ಹಾರಿಸಬೇಡಿ, ಬೆನ್ನಟ್ಟಿಯೂ ಹೋಗಬೇಡಿ. ಸುರಕ್ಷಿತ ಜಾಗಕ್ಕೆ ಹೋಗಿ, ಪಿಸ್ತೂಲು ಒಳಗಿಟ್ಟು, ತಕ್ಷಣ ನೀವೇ ಪೊಲೀಸರಿಗೆ ಫೋನ್ ಮಾಡಿ. ಅವನು ಮೊದಲು ಫೋನ್ ಮಾಡಿದರೆ ಅವರ ಕಣ್ಣಿಗೆ ನೀವೇ ಆರೋಪಿ.