ಸ್ಟಾಕ್‌ಹೋಮ್‌ನಲ್ಲಿ ಸಾಧಾರಣ ಹೋಟೆಲ್: ರೂಮು ಹಿಡಿಯುವುದು ಹೇಗೆ, ಖರ್ಚು ಹಿಡಿತದಲ್ಲಿಡುವುದು ಹೇಗೆ

ಸ್ಟಾಕ್‌ಹೋಮ್ ದುಬಾರಿ ಊರು. ಅದರಲ್ಲಿ ಅನುಮಾನ ಬೇಡ. ಆದರೂ ಅಲ್ಲಿ ಇರಲು ದೊಡ್ಡ ಹೋಟೆಲೇ ಬೇಕು ಎಂದೇನಿಲ್ಲ. ಎರಡು, ಮೂರು ಸ್ಟಾರಿನ ಸಣ್ಣ ಹೋಟೆಲುಗಳು ಸಾಮಾನ್ಯವಾಗಿ ಚೊಕ್ಕಟವಾಗಿರುತ್ತವೆ, ಬಿಸಿನೀರು ಸರಿಯಾಗಿ ಬರುತ್ತದೆ, ವೈಫೈ ಇರುತ್ತದೆ. ಬಾಡಿಗೆ ಕಡಿಮೆಯಾದಷ್ಟೂ ಜಾಗ ಕಡಿಮೆಯಾಗುತ್ತದೆ, ಅಷ್ಟೇ. ನಮ್ಮವರ ದುಡ್ಡು ಸೋರುವುದು ಬೇರೆ ಕಡೆ: ತಿಂಡಿ, ಏರ್‌ಪೋರ್ಟಿನ ರೈಲು, ಟ್ಯಾಕ್ಸಿ. ಆದ್ದರಿಂದ ರೂಮಿನ ಬಾಡಿಗೆಯೊಂದನ್ನೇ ನೋಡಬೇಡಿ. ಒಂದು ದಿನಕ್ಕೆ ಒಟ್ಟು ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ, ಆಮೇಲೆ ಹೋಟೆಲ್ ಆರಿಸಿ.

ಸ್ವೀಡನ್‌ನಲ್ಲಿ ಯೂರೋ ನಡೆಯುವುದಿಲ್ಲ, ಅಲ್ಲಿಯದು ಕ್ರೋನಾ. ಒಂದು ಕ್ರೋನಾ ಎಂದರೆ ಈಚಿನ ವರ್ಷಗಳಲ್ಲಿ ನಮ್ಮ 8ರಿಂದ 10 ರೂಪಾಯಿ. ಸಾಧಾರಣ ಹೋಟೆಲಿನ ಡಬಲ್ ರೂಮಿಗೆ ಸೀಸನ್ ನೋಡಿಕೊಂಡು ಸುಮಾರು 1,000ದಿಂದ 1,800 ಕ್ರೋನಾ ಇಟ್ಟುಕೊಳ್ಳಿ. ತೋರಿಸುವ ಬಾಡಿಗೆಯಲ್ಲೇ ತೆರಿಗೆಯೂ ಸೇರಿರುತ್ತದೆ.

ಮೊದಲು ತಾರೀಖು ಗಟ್ಟಿ ಮಾಡಿಕೊಳ್ಳಿ

ಈ ಊರಿನ ಹೋಟೆಲುಗಳನ್ನು ತುಂಬಿಸುವವರಲ್ಲಿ ಕಂಪನಿ ಕೆಲಸಕ್ಕೆ ಬರುವವರು ಬಹಳ. ಅವರು ಬರುವುದು ಸೋಮವಾರದಿಂದ ಗುರುವಾರದವರೆಗೆ. ಹಾಗಾಗಿ ಎಷ್ಟೋ ಹೋಟೆಲುಗಳಲ್ಲಿ ಭಾನುವಾರ ರಾತ್ರಿಯ ಬಾಡಿಗೆಗಿಂತ ಮಂಗಳವಾರದ್ದೇ ಜಾಸ್ತಿ. ನಾಲ್ಕು ರಾತ್ರಿ ಇರುವ ಯೋಚನೆ ಇದ್ದರೆ ಗುರುವಾರದಿಂದ ಸೋಮವಾರದವರೆಗೆ ಹಾಕಿ ನೋಡಿ, ಸೋಮವಾರದಿಂದ ಶುಕ್ರವಾರದವರೆಗೂ ಹಾಕಿ ನೋಡಿ. ವ್ಯತ್ಯಾಸ ನಿಮಗೇ ಕಾಣುತ್ತದೆ. ಜುಲೈಯಲ್ಲಿ ಸ್ವೀಡನ್‌ನವರೇ ರಜೆ ಹಾಕಿ ಊರು ಬಿಡುತ್ತಾರೆ. ಕಂಪನಿಯವರನ್ನೇ ನಂಬಿದ ಹೋಟೆಲುಗಳು ಆಗ ದರ ಇಳಿಸುವುದುಂಟು.

ಕೆಲವು ದಿನಗಳ ಬಗ್ಗೆ ಎಚ್ಚರ ಬೇಕು. ಜೂನ್ 19ರಿಂದ 25ರೊಳಗೆ ಬರುವ ಶುಕ್ರವಾರ ಮಿಡ್‌ಸಮ್ಮರ್ ಹಬ್ಬದ ಮುನ್ನಾದಿನ. ಅವತ್ತು ಊರು ಖಾಲಿ. ಬಹಳಷ್ಟು ಅಂಗಡಿ, ರೆಸ್ಟೋರೆಂಟು ಮುಚ್ಚಿರುತ್ತವೆ. ಹಬ್ಬ ನೋಡುವ ಆಸೆ ಇದ್ದರೆ ಸರಿ, ಇಲ್ಲದಿದ್ದರೆ ಆ ವಾರಾಂತ್ಯ ಬಿಟ್ಟುಬಿಡಿ. ಡಿಸೆಂಬರ್ 10 ನೊಬೆಲ್ ಪ್ರಶಸ್ತಿ ಕೊಡುವ ದಿನ, ಆ ವಾರ ನಗರದ ಮಧ್ಯಭಾಗದಲ್ಲಿ ರೂಮು ಸಿಗುವುದು ಕಷ್ಟ. ಮೇ ಕೊನೆ ಅಥವಾ ಜೂನ್ ಮೊದಲ ವಾರದ ಮ್ಯಾರಥಾನ್ ಸಮಯದಲ್ಲೂ ಹಾಗೆಯೇ.

ಬೆಳಕಿನ ವಿಷಯವನ್ನೂ ಮರೆಯಬೇಡಿ. ಜೂನ್‌ನಲ್ಲಿ ಹಗಲು ಹದಿನೆಂಟು ಗಂಟೆಗೂ ಜಾಸ್ತಿ. ಡಿಸೆಂಬರ್‌ನಲ್ಲಿ ಆರೇ ಗಂಟೆ, ಮಧ್ಯಾಹ್ನ ಮೂರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಮೇ ಕೊನೆ ಇಲ್ಲವೇ ಆಗಸ್ಟ್ ಕೊನೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಚಳಿ ಹೆಚ್ಚಿಲ್ಲ, ಬೆಳಕು ಬೇಕಾದಷ್ಟಿದೆ.

ವೀಸಾ ಮತ್ತು ಬುಕಿಂಗ್ ಒಟ್ಟಿಗೇ ನಡೆಯಬೇಕು

ಸ್ವೀಡನ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಉಳಿದುಕೊಳ್ಳುವ ಜಾಗದ ಪುರಾವೆ ಕೊಡಬೇಕು. ವೀಸಾ ಸಿಗುವ ಮೊದಲೇ ಹೋಟೆಲ್ ಬುಕ್ ಮಾಡಬೇಕು ಎಂದಾಯಿತು. ಅದಕ್ಕೇ ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ದರವನ್ನೇ ಆರಿಸಿ. ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಸ್ವೀಡನ್‌ನ ಬಹಳ ಹೋಟೆಲುಗಳು ಬರುವ ದಿನದ ಸಂಜೆ ಆರರವರೆಗೂ ರದ್ದು ಮಾಡಲು ಬಿಡುತ್ತವೆ. ಶರತ್ತನ್ನು ಓದಿ ಖಚಿತ ಮಾಡಿಕೊಳ್ಳಿ. ವೀಸಾ ಕೈಗೆ ಬಂದ ಮೇಲೆ ಇನ್ನೊಮ್ಮೆ ದರ ಹುಡುಕಿ. ಇಳಿದಿದ್ದರೆ ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯಬಹುದು. ಆದರೆ ಮೊದಲು ಕೊಟ್ಟ ತಾರೀಖು, ಊರು ಬದಲಾಗದ ಹಾಗೆ ನೋಡಿಕೊಳ್ಳಿ.

ಬುಕಿಂಗ್ ಕಾಗದದಲ್ಲಿ ಹೋಗುವವರೆಲ್ಲರ ಹೆಸರೂ ಇರಲಿ. ಗಂಡನ ಹೆಸರಿನಲ್ಲಿ ಮಾತ್ರ ಬುಕ್ ಮಾಡಿ ಹೆಂಡತಿಯ ಅರ್ಜಿಗೂ ಅದನ್ನೇ ಲಗತ್ತಿಸಿದರೆ ಸುಮ್ನೆ ಪ್ರಶ್ನೆ ಏಳುತ್ತದೆ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿತವಾಗಿ ಹಾಕಬಹುದು, ಕಡೇಪಕ್ಷ 15 ದಿನ ಮೊದಲಾದರೂ ಹಾಕಲೇಬೇಕು. ನಾನು ಹೇಳುವುದು ಎರಡು ತಿಂಗಳು ಮೊದಲೇ ಹಾಕಿ ಎಂದು. ದೊಡ್ಡವರಿಗೆ ಶುಲ್ಕ 90 ಯೂರೋ, ಆರು ವರ್ಷದೊಳಗಿನವರಿಗೆ ಶುಲ್ಕವಿಲ್ಲ. ಪ್ರಯಾಣ ವಿಮೆ 30,000 ಯೂರೋಗೆ ಕಡಿಮೆ ಇರಬಾರದು. ಸ್ಟಾಕ್‌ಹೋಮ್ ಜೊತೆಗೆ ಓಸ್ಲೋ, ಕೋಪನ್‌ಹೇಗನ್ ಕೂಡ ನೋಡುವುದಾದರೆ ಎಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು.

ಯಾವ ಏರಿಯಾ? ಸ್ಟೇಷನ್ ನೋಡಿ ಹೇಳಿ

ಊರ ಮಧ್ಯೆ ಇದ್ದರೇ ಅನುಕೂಲ ಎಂದುಕೊಂಡು ಬಹಳ ಜನ ಹೆಚ್ಚು ದುಡ್ಡು ಕೊಡುತ್ತಾರೆ. ಸ್ಟಾಕ್‌ಹೋಮ್‌ನಲ್ಲಿ ಅದರ ಅಗತ್ಯ ಇಲ್ಲ. ಇಲ್ಲಿನ ಮೆಟ್ರೋ, ಬಸ್ಸು, ಲೋಕಲ್ ರೈಲು ಎಲ್ಲವನ್ನೂ ನಡೆಸುವುದು ಎಸ್‌ಎಲ್ ಎಂಬ ಸಾರ್ವಜನಿಕ ಸಂಸ್ಥೆ. ಇಡೀ ಸ್ಟಾಕ್‌ಹೋಮ್ ಪ್ರಾಂತ್ಯಕ್ಕೆ ಒಂದೇ ದರ. ಎರಡು ಸ್ಟೇಷನ್ ಹೋದರೂ ಇಪ್ಪತ್ತು ಸ್ಟೇಷನ್ ಹೋದರೂ ಟಿಕೆಟ್ಟು ಅಷ್ಟೇ: 40 ಕ್ರೋನಾಕ್ಕಿಂತ ಸ್ವಲ್ಪ ಜಾಸ್ತಿ. 75 ನಿಮಿಷದೊಳಗೆ ಎಷ್ಟು ಸಲ ಬೇಕಾದರೂ ಬಸ್ಸು, ರೈಲು ಬದಲಾಯಿಸಬಹುದು. ದಿನಕ್ಕೆ ಮೂರ್ನಾಲ್ಕು ಸಲ ಓಡಾಡುವುದಾದರೆ 24 ಗಂಟೆ ಅಥವಾ 72 ಗಂಟೆಯ ಪಾಸು ತೆಗೆದುಕೊಳ್ಳಿ. ಸ್ಲುಸ್ಸೆನ್‌ನಿಂದ ಯೂರ್‌ಗೋರ್ಡನ್ ದ್ವೀಪಕ್ಕೆ ಹೋಗುವ ದೋಣಿಗೂ ಇದೇ ಟಿಕೆಟ್ ಸಾಕು. 1628ರಲ್ಲಿ ಮುಳುಗಿ 1961ರಲ್ಲಿ ಮೇಲಕ್ಕೆತ್ತಿದ ವಾಸಾ ಹಡಗಿನ ಮ್ಯೂಸಿಯಂ ಇರುವುದು ಅಲ್ಲೇ.

ಆದ್ದರಿಂದ ಹೋಟೆಲು ಕೇಂದ್ರದಿಂದ ಎಷ್ಟು ದೂರ ಎನ್ನುವುದಕ್ಕಿಂತ ಮೆಟ್ರೋ ಸ್ಟೇಷನ್‌ನಿಂದ ಎಷ್ಟು ನಿಮಿಷದ ನಡಿಗೆ ಎಂದು ನೋಡಿ. ಐದು ನಿಮಿಷದ ಒಳಗಿದ್ದರೆ ಕಣ್ಣುಮುಚ್ಚಿ ಹಿಡಿಯಬಹುದು. ಹಿಮದಲ್ಲಿ ಸೂಟ್‌ಕೇಸ್ ಎಳೆಯುವವರಿಗೆ ಈ ಐದು ನಿಮಿಷದ ಬೆಲೆ ಗೊತ್ತು.

ಓಡೆನ್‌ಪ್ಲಾನ್ ನನಗೆ ಬಹಳ ಇಷ್ಟದ ಜಾಗ. ಅಲ್ಲಿ ಮೆಟ್ರೋವೂ ಇದೆ, ಲೋಕಲ್ ರೈಲೂ ಇದೆ, ಸುತ್ತ ಜನ ವಾಸಿಸುವ ಬೀದಿಗಳು, ದಿನಸಿ ಅಂಗಡಿಗಳು. ಕುಂಗ್ಸ್‌ಹೋಲ್ಮೆನ್ ದ್ವೀಪದ ಫ್ರಿಡ್‌ಹೆಮ್ಸ್‌ಪ್ಲಾನ್ ಕೂಡ ಹೀಗೇ. ಸೋಡರ್‌ಮಾಲ್ಮ್‌ನಲ್ಲಿ ಕೆಫೆ, ಸಣ್ಣ ಅಂಗಡಿಗಳು ಜಾಸ್ತಿ, ಶುಕ್ರವಾರ ಶನಿವಾರ ರಾತ್ರಿ ಗದ್ದಲವೂ ಜಾಸ್ತಿ. ಹಳೇ ಪೇಟೆಯಾದ ಗಮ್ಲಾ ಸ್ತಾನ್ ನೋಡಲು ಚೆಂದ. ಆದರೆ ಬೀದಿಯೆಲ್ಲ ಕಲ್ಲುಹಾಸು, ಹಳೇ ಕಟ್ಟಡ, ಕಡಿದಾದ ಮೆಟ್ಟಿಲು. ಲಗೇಜು ಇರುವವರಿಗೆ, ಮಂಡಿನೋವು ಇರುವವರಿಗೆ ನಾನು ಹೇಳುವುದಿಲ್ಲ. ಇನ್ನೂ ಕಡಿಮೆ ಬಾಡಿಗೆ ಬೇಕಿದ್ದರೆ ಸೋಲ್ನಾ, ಆಲ್ವಿಕ್, ಗುಲ್‌ಮಾರ್ಶ್‌ಪ್ಲಾನ್ ಕಡೆ ಹುಡುಕಿ. ಕಿಸ್ತಾದಲ್ಲಿ ಐಟಿ ಕಂಪನಿಗಳು ತುಂಬಾ, ಬೆಂಗಳೂರಿನಿಂದ ಹೋದವರೂ ಸಿಗುತ್ತಾರೆ. ಅಲ್ಲಿಯ ಹೋಟೆಲುಗಳು ವಾರಾಂತ್ಯದಲ್ಲಿ ಅಗ್ಗ.

ರೂಮಿನ ವಿವರವನ್ನು ಸಾಲು ಬಿಡದೆ ಓದಿ

ಇಲ್ಲಿ ಹತ್ತು ನಿಮಿಷ ಕೊಟ್ಟರೆ ಮುಂದೆ ಬೇಸರ ತಪ್ಪುತ್ತದೆ. ಫೋಟೋ ನೋಡಿ ಮರುಳಾಗಬೇಡಿ, ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿ.

ಮೊದಲು ಕಿಟಕಿ. ಸ್ಟಾಕ್‌ಹೋಮ್‌ನ ಅಗ್ಗದ ರೂಮುಗಳಲ್ಲಿ ಕಿಟಕಿಯೇ ಇಲ್ಲದವು ಸಾಕಷ್ಟಿವೆ. ಕೆಲವು ನೆಲಮಾಳಿಗೆಯಲ್ಲಿರುತ್ತವೆ. ಇದು ಮೋಸ ಅಲ್ಲ, ಅವರು ಬರೆದೇ ಇರುತ್ತಾರೆ, ನಾವು ಓದಿರುವುದಿಲ್ಲ. ಹಗಲೆಲ್ಲ ಸುತ್ತಿ ರಾತ್ರಿ ಮಲಗಲು ಮಾತ್ರ ಬರುವ ಇಬ್ಬರಿಗೆ ಅಂಥ ರೂಮು ಸಾಕು. ಜೂನ್‌ನಲ್ಲಿ ಕತ್ತಲೆ ಸಿಗುವುದರಿಂದ ಒಳ್ಳೆಯ ನಿದ್ದೆಯೂ ಬರುತ್ತದೆ. ಮಕ್ಕಳ ಜೊತೆ ಹೋಗುವವರು ಮಾತ್ರ ಬೇಡ ಅನ್ನಿ.

ಆಮೇಲೆ ಹಾಸಿಗೆ. ಡಬಲ್ ಎಂದು ಬರೆದಿದ್ದರೂ ಅಗಲ 140 ಸೆಂಟಿಮೀಟರ್ ಇರಬಹುದು. ಇಬ್ಬರಿಗೆ ಆರಾಮ ಬೇಕಿದ್ದರೆ 160 ಅಥವಾ 180 ಇದೆಯೇ ನೋಡಿ. ಎರಡು ಸಿಂಗಲ್ ಹಾಸಿಗೆ ಜೋಡಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ಹೊದಿಕೆ ಇಟ್ಟಿರುವುದು ಅಲ್ಲಿಯ ಪದ್ಧತಿ. ಫ್ಯಾಮಿಲಿ ರೂಮಿನಲ್ಲಿ ಮೇಲೊಂದು ಕೆಳಗೊಂದು ಮಂಚ ಇರುವುದೇ ಹೆಚ್ಚು. ಅಜ್ಜ ಅಜ್ಜಿಗೆ ಕೆಳಗಿನದು ಸಿಗುತ್ತದೆಯೇ ಲೆಕ್ಕ ಮಾಡಿಕೊಳ್ಳಿ.

ಬಾತ್‌ರೂಮು ರೂಮಿನೊಳಗೇ ಇದೆಯೋ ಕಾರಿಡಾರಿನಲ್ಲಿದೆಯೋ? ಲಿಫ್ಟು ಇದೆಯೋ? ಹಳೇ ವಸತಿ ಕಟ್ಟಡದ ಒಂದೇ ಮಹಡಿಯಲ್ಲಿ ನಡೆಯುವ ಪುಟ್ಟ ಹೋಟೆಲುಗಳಲ್ಲಿ ಲಿಫ್ಟು ಇಬ್ಬರು ನಿಲ್ಲುವಷ್ಟೇ ಇರುತ್ತದೆ. ಅಂಥ ಕಡೆ ರಿಸೆಪ್ಷನ್ ರಾತ್ರಿ ಮುಚ್ಚಿರುತ್ತದೆ. ಬಾಗಿಲಿನ ಕೋಡನ್ನು ಇಮೇಲ್‌ನಲ್ಲಿ ಕಳಿಸುತ್ತಾರೆ. ನಿಮ್ಮ ವಿಮಾನ ರಾತ್ರಿ ಹನ್ನೊಂದಕ್ಕೆ ಇಳಿಯುವುದಾದರೆ ಮೊದಲೇ ಬರೆದು ಕೇಳಿ, ಬಂದ ಕೋಡನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ಫೋನ್ ಚಾರ್ಜ್ ಮುಗಿದರೆ ಬೀದಿಯಲ್ಲಿ ನಿಲ್ಲಬೇಕಾಗುತ್ತದೆ.

ಬೇಸಿಗೆಯಲ್ಲಿ ಹೋಗುವವರು ಎಸಿ ಇದೆಯೇ ಎಂದು ನೋಡಿ. ಅಲ್ಲಿಯ ಕಟ್ಟಡಗಳನ್ನು ಶಾಖ ಹಿಡಿದಿಡಲೆಂದೇ ಕಟ್ಟಿರುತ್ತಾರೆ. ಸಣ್ಣ ಹೋಟೆಲುಗಳಲ್ಲಿ ಎಸಿ ಇರುವುದು ಕಡಿಮೆ, ಸೀಲಿಂಗ್ ಫ್ಯಾನ್ ಕಾಣಸಿಗುವುದೇ ಇಲ್ಲ. ಜುಲೈ ಬಿಸಿಲಿಗೆ ರೂಮು ಕಾಯುತ್ತದೆ. ಕಿಟಕಿ ತೆರೆದರೆ ರಸ್ತೆಯ ಸದ್ದು. ಬುಕ್ ಮಾಡುವಾಗಲೇ ಒಳಅಂಗಳದ ಕಡೆಯ ರೂಮು ಕೊಡಿ ಎಂದು ಒಂದು ಸಾಲು ಬರೆಯಿರಿ. ಸಾಧ್ಯವಾದರೆ ಕೊಡುತ್ತಾರೆ.

ಹಾಸ್ಟೆಲನ್ನೂ ತಳ್ಳಿಹಾಕಬೇಡಿ. ಅಲ್ಲಿ ಕುಟುಂಬಗಳೂ, ನಿವೃತ್ತರೂ ಉಳಿದುಕೊಳ್ಳುತ್ತಾರೆ, ಬೇರೆ ರೂಮೇ ಸಿಗುತ್ತದೆ. ಬಹುತೇಕ ಕಡೆ ಅಡುಗೆಮನೆ ಇರುತ್ತದೆ, ಅನ್ನ ಸಾರು ಮಾಡಿಕೊಳ್ಳಬಹುದು. ಆದರೆ ಬೆಡ್‌ಶೀಟು, ಟವೆಲ್ಲಿಗೆ ಬೇರೆ ದುಡ್ಡು ಇರಬಹುದು, ಹೊರಡುವಾಗ ರೂಮು ನೀವೇ ಗುಡಿಸಬೇಕಾಗಬಹುದು. ಅದನ್ನೂ ಸೇರಿಸಿ ಲೆಕ್ಕ ಹಾಕಿ.

ತಿಂಡಿ ಸೇರಿದೆಯಾ?

ಈ ಒಂದು ಪ್ರಶ್ನೆಯಿಂದ ದಿನದ ಲೆಕ್ಕವೇ ಬದಲಾಗುತ್ತದೆ. 1,100 ಕ್ರೋನಾದ ರೂಮಿನಲ್ಲಿ ತಿಂಡಿ ಇಲ್ಲ, 1,300ರದ್ದರಲ್ಲಿ ಇದೆ ಎಂದಿಟ್ಟುಕೊಳ್ಳಿ. ಹೊರಗೆ ಕಾಫಿ, ಸ್ಯಾಂಡ್‌ವಿಚ್ ಎಂದರೆ ತಲೆಗೆ ನೂರರ ಆಸುಪಾಸು. ಇಬ್ಬರಿಗೆ ಅಲ್ಲಿಗಲ್ಲಿಗೆ ಸರಿಹೋಯಿತು. ಹೋಟೆಲಿನ ಬಫೆಯಲ್ಲಾದರೆ ಹೊಟ್ಟೆ ತುಂಬಾ ತಿನ್ನಬಹುದು. ಬ್ರೆಡ್ಡು, ಚೀಸು, ಮೊಟ್ಟೆ, ಓಟ್ಸ್ ಗಂಜಿ, ಹಣ್ಣು, ಸೌತೆಕಾಯಿ, ಟೊಮೆಟೊ ಎಲ್ಲ ಇರುತ್ತದೆ. ಫಿಲ್‌ಮ್ಯೋಲ್ಕ್ ಎಂಬ ಹುಳಿ ಹಾಲು ನಮ್ಮ ತೆಳು ಮೊಸರಿನಂತೆಯೇ ಇರುತ್ತದೆ, ಸಸ್ಯಾಹಾರಿಗಳಿಗೆ ಒಳ್ಳೆಯ ಆಸರೆ. ತಿಂಡಿಯ ಸಮಯ ಮಾತ್ರ ಕಟ್ಟುನಿಟ್ಟು. ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತೂವರೆಗೇ ಮುಗಿಸುವುದುಂಟು.

ಮಧ್ಯಾಹ್ನದ ಊಟ ಹೊರಗೆ ಮಾಡಿ, ರಾತ್ರಿಯದನ್ನು ಸರಳವಾಗಿಡಿ. ವಾರದ ದಿನಗಳಲ್ಲಿ 11ರಿಂದ 2ರವರೆಗೆ ರೆಸ್ಟೋರೆಂಟುಗಳು ‘ದಾಗೆನ್ಸ್ ಲುಂಚ್’, ಅಂದರೆ ಇವತ್ತಿನ ಊಟ, ಎಂದು ಬೋರ್ಡು ಹಾಕಿರುತ್ತವೆ. ಸಾಮಾನ್ಯವಾಗಿ ಸಲಾಡ್, ಬ್ರೆಡ್, ನೀರು, ಕಾಫಿ ಎಲ್ಲ ಒಂದೇ ದರದಲ್ಲಿ ಸೇರಿರುತ್ತವೆ. ಅದೇ ರೆಸ್ಟೋರೆಂಟಿನಲ್ಲಿ ರಾತ್ರಿ ಊಟಕ್ಕೆ ಕೂತರೆ ಬಿಲ್ಲು ಹೆಚ್ಚುಕಮ್ಮಿ ದುಪ್ಪಟ್ಟಾಗಬಹುದು. ರಾತ್ರಿಗೆ ಇಕಾ, ಕೂಪ್, ಲಿಡ್ಲ್ ಅಂಗಡಿಗಳಲ್ಲಿ ಬ್ರೆಡ್ಡು, ಹಣ್ಣು, ಮೊಸರು ತಂದುಕೊಳ್ಳಿ. ಸಸ್ಯಾಹಾರ ಎಂದರೆ ಅಲ್ಲಿ ಮೊಟ್ಟೆಯೂ ಸೇರಿರಬಹುದು. ಮೊಟ್ಟೆ ತಿನ್ನದವರು ಕೇಳಿಕೊಳ್ಳಿ, ಎಲ್ಲರಿಗೂ ಇಂಗ್ಲಿಷ್ ಬರುತ್ತದೆ. ನೀರಿನ ಬಾಟಲಿ ಕೊಳ್ಳಬೇಡಿ. ನಲ್ಲಿಯ ತಣ್ಣೀರು ಕುಡಿಯಲು ಚೆನ್ನಾಗಿದೆ.

ಏರ್‌ಪೋರ್ಟಿನಿಂದ ಹೋಟೆಲಿಗೆ

ಆರ್ಲಾಂಡಾ ಏರ್‌ಪೋರ್ಟು ಊರಿನಿಂದ ಸುಮಾರು 40 ಕಿಲೋಮೀಟರ್. ಆರ್ಲಾಂಡಾ ಎಕ್ಸ್‌ಪ್ರೆಸ್ ರೈಲು 18 ನಿಮಿಷದಲ್ಲಿ ಸೆಂಟ್ರಲ್ ಸ್ಟೇಷನ್ ತಲುಪಿಸುತ್ತದೆ, ದರ ಒಬ್ಬರಿಗೆ 300 ಕ್ರೋನಾಕ್ಕೂ ಜಾಸ್ತಿ. ಲೋಕಲ್ ರೈಲಿನಲ್ಲಿ 40 ನಿಮಿಷ, ಆದರೆ ಮಾಮೂಲಿ ಟಿಕೆಟ್ಟಿನ ಮೇಲೆ ಏರ್‌ಪೋರ್ಟ್ ಸ್ಟೇಷನ್ನಿನ ಶುಲ್ಕ ಬೇರೆ. ಎಲ್ಲಕ್ಕಿಂತ ಅಗ್ಗದ ದಾರಿ: 583ನೇ ನಂಬರಿನ ಬಸ್ಸು ಹತ್ತಿ ಮ್ಯಾರ್ಷ್ಟಾ ಸ್ಟೇಷನ್‌ಗೆ ಹೋಗಿ, ಅಲ್ಲಿಂದ ಲೋಕಲ್ ರೈಲು ಹಿಡಿಯುವುದು. ಒಂದು ಗಂಟೆಯ ಮೇಲೆ ಸ್ವಲ್ಪ ಬೇಕು, ಮಾಮೂಲಿ ಟಿಕೆಟ್ಟೇ ಸಾಕು. ನಾಲ್ವರ ಕುಟುಂಬಕ್ಕೆ ಇದರಿಂದ ಒಂದು ರಾತ್ರಿಯ ಬಾಡಿಗೆಯ ದೊಡ್ಡ ಪಾಲು ಉಳಿಯುತ್ತದೆ.

ಟ್ಯಾಕ್ಸಿ ಬೇಕೇಬೇಕು ಎಂದಾದರೆ ಹತ್ತುವ ಮುಂಚೆ ಫಿಕ್ಸೆಡ್ ದರ ಕೇಳಿ. ಸ್ವೀಡನ್‌ನಲ್ಲಿ ಟ್ಯಾಕ್ಸಿ ದರವನ್ನು ಕಂಪನಿಗಳೇ ಇಟ್ಟುಕೊಳ್ಳುತ್ತವೆ. ಹಿಂಬಾಗಿಲ ಗಾಜಿನ ಮೇಲಿನ ಚೀಟಿಯಲ್ಲಿ ಹೋಲಿಕೆ ದರ ಬರೆದಿರುತ್ತದೆ. ಅದನ್ನು ನೋಡದೆ ಕೂರಬೇಡಿ.

ಸೂಟ್‌ಕೇಸ್ ಕಟ್ಟುವಾಗ

ನಗದು ಹೆಚ್ಚು ಒಯ್ಯಬೇಡಿ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಬಹಳ ಕೆಫೆಗಳಲ್ಲೂ ಇಲ್ಲ. ಎರಡು ಕಾರ್ಡು ಇರಲಿ, ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದಿಡಿ. ಕಾರ್ಡ್ ಯಂತ್ರ ರೂಪಾಯಿಯೋ ಕ್ರೋನಾವೋ ಎಂದು ಕೇಳಿದರೆ ಕ್ರೋನಾ ಎನ್ನಿ. ರೂಪಾಯಿ ಒತ್ತಿದರೆ ಸಾಮಾನ್ಯವಾಗಿ ವಿನಿಮಯ ದರದಲ್ಲಿ ಕಳೆದುಕೊಳ್ಳುತ್ತೀರಿ.

ಧಾರವಾಡ ಪೇಡ, ತುಪ್ಪ ಬೇಡ. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಹಸಿ ಕರಿಬೇವೂ ಬೇಡ. ಚಟ್ನಿಪುಡಿ, ಅವಲಕ್ಕಿ ತೊಂದರೆಯಿಲ್ಲ. ಟಾಯ್ಲೆಟ್‌ನಲ್ಲಿ ಹೆಲ್ತ್ ಫಾಸೆಟ್ ಇರುವುದಿಲ್ಲ, ಬಕೆಟ್ಟು ಮಗ್ಗೂ ಇಲ್ಲ. ಒಂದು ಸಣ್ಣ ಪ್ಲಾಸ್ಟಿಕ್ ಮಗ್ ಇಟ್ಟುಕೊಳ್ಳಿ, ನಾಚಿಕೆ ಪಡುವಂಥದ್ದೇನಿಲ್ಲ. ನಮ್ಮ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಅಲ್ಲಿ ಸಾಮಾನ್ಯವಾಗಿ ಕೂರುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು. ಬೇಸಿಗೆಗೆ ಕಣ್ಣುಪಟ್ಟಿ ಬೇಕು.

ರೂಮಿನಲ್ಲಿ ಊದುಬತ್ತಿ ಹಚ್ಚಬೇಡಿ, ಕುಕ್ಕರ್ ಇಡಬೇಡಿ. ಹೊಗೆ ಅಲಾರಂ ಬಹಳ ಸೂಕ್ಷ್ಮ. ಸುಮ್ಮನೆ ಅಗ್ನಿಶಾಮಕದವರು ಬಂದರೆ ಅದರ ಖರ್ಚನ್ನು ನಿಮ್ಮಿಂದಲೇ ವಸೂಲಿ ಮಾಡುವ ಹೋಟೆಲುಗಳಿವೆ. ದೇವರಿಗೆ ಕೈಮುಗಿಯಲು ದೀಪ ಇಲ್ಲದಿದ್ದರೂ ನಡೆಯುತ್ತದೆ, ಅಲ್ವಾ?

ಬರುವ ದಿನ, ಹೊರಡುವ ದಿನ

ಚೆಕ್‌ಇನ್ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ, ಚೆಕ್‌ಔಟ್ 11 ಅಥವಾ 12ಕ್ಕೆ. ಬೆಳಗ್ಗೆಯೇ ಬಂದಿಳಿದರೆ ಲಗೇಜನ್ನು ರಿಸೆಪ್ಷನ್‌ನಲ್ಲಿ ಬಿಟ್ಟು ಸುತ್ತಲು ಹೋಗಿ. ಹೊರಡುವ ದಿನವೂ ಹೀಗೇ ಮಾಡಬಹುದು. ಬಹುತೇಕ ಹೋಟೆಲುಗಳು ದುಡ್ಡು ಕೇಳುವುದಿಲ್ಲ. ರಿಸೆಪ್ಷನ್ ಇಲ್ಲದ ಕಡೆ ಮಾತ್ರ ಲಾಕರ್ ಇದೆಯೇ ಎಂದು ಮೊದಲೇ ವಿಚಾರಿಸಿ. ಬೆಳಗಿನ ಜಾವದ ವಿಮಾನವಿದ್ದು ತಿಂಡಿ ತಪ್ಪುವುದಾದರೆ ಹಿಂದಿನ ಸಂಜೆಯೇ ಹೇಳಿ. ತಿಂಡಿ ಸೇರಿದ ಬಾಡಿಗೆ ಕೊಟ್ಟಿದ್ದರೆ ಒಂದು ಚೀಲದಲ್ಲಿ ಬ್ರೆಡ್ಡು, ಹಣ್ಣು, ಜ್ಯೂಸ್ ಕಟ್ಟಿಕೊಡುವ ರೂಢಿ ಅನೇಕ ಹೋಟೆಲುಗಳಲ್ಲಿದೆ. ವಾರದ ದಿನಗಳಲ್ಲಿ ಮೆಟ್ರೋ ರಾತ್ರಿ ಒಂದರ ಸುಮಾರಿಗೆ ನಿಲ್ಲುತ್ತದೆ, ಶುಕ್ರವಾರ ಶನಿವಾರ ಮಾತ್ರ ರಾತ್ರಿಯಿಡೀ ಓಡುತ್ತದೆ. ನಸುಕಿನ ವಿಮಾನ ಹಿಡಿಯುವವರು ರಾತ್ರಿ ಬಸ್ಸಿನ ವೇಳೆಯನ್ನು ಎಸ್‌ಎಲ್ ಆ್ಯಪ್‌ನಲ್ಲಿ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.